ಅಲ್ಲೇನಿಲ್ಲ, ಬಾಸ್

ಡಗಲ್ ತನ್ನ ಬದುಕಿನಲ್ಲಿ ಹೇಳಿದ ಸುಳ್ಳುಗಳು ಬೆರಳೆಣಿಕೆಗೆ ಸಿಕ್ಕುವಷ್ಟು. ಹೆಚ್ಚಿನವು ಗಾಳಿಯಂತ್ರಗಳ ಬಗ್ಗೆ. ನಿನ್ನೆ ನೋಡಿಬಂದ ಯಂತ್ರವನ್ನು ಇವತ್ತು ಬೆಳಿಗ್ಗೆ ನೋಡಿದೆ ಎಂದು ಮಾಲೀಕನಿಗೆ ಹೇಳುವುದು, ಅಂಥವು. ಅಂಥ ಸುಳ್ಳಿನಿಂದ ಯಾರ ಮನೆಯೂ ಮುರಿಯುವುದಿಲ್ಲ. ಆದರೆ ಮೂವತ್ತೊಂದನೆಯ ವಯಸ್ಸಿನಲ್ಲಿ, ಚಹಾದ ತಗಡಿನ ಲೋಟ ಕೈಯಲ್ಲಿ ಹಿಡಿದು ಅವನು ಹೇಳಿದ ಇನ್ನೊಂದು ಸುಳ್ಳು ಪರ್ತ್ ನಗರದ ಶಾಸನಸಭೆಯವರೆಗೆ ಹೋಗಿ ಕಾನೂನಿನೊಳಗೆ ಕೂತುಬಿಟ್ಟಿತು. ಕೂತಿದ್ದನ್ನು ಎಬ್ಬಿಸಲು ಅವನು ಮುಂದಿನ ಮೂವತ್ತಮೂರು ವರ್ಷ ಒದ್ದಾಡಿದ.

ಹ್ಯಾಲರನ್ ಎಂಬ ಬಿಳಿಯನ ಕುರಿ ಎಸ್ಟೇಟಿನಲ್ಲಿ ಇಪ್ಪತ್ತಮೂರು ಗಾಳಿಯಂತ್ರಗಳಿದ್ದವು. ಗಾಳಿಗೆ ರೆಕ್ಕೆ ತಿರುಗಿದರೆ ಕೊಳವೆಯಲ್ಲಿ ನೀರು ಮೇಲೇರಬೇಕು, ತೊಟ್ಟಿ ತುಂಬಬೇಕು, ಕುರಿ ಕುಡಿಯಬೇಕು. ಇಷ್ಟು ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು ಡಗಲ್‌ನ ಕೆಲಸ. ಯಂತ್ರ ಕಿರುಗುಟ್ಟುವ ಸದ್ದು ಕೇಳಿಯೇ ಯಾವ ಚರ್ಮದ ವಾಷರು ಸವೆದಿದೆ ಎಂದು ಹೇಳುತ್ತಿದ್ದ. ನೆಲ ಮೂಲನಿವಾಸಿಗಳಾದ ಅವನ ಅಜ್ಜ ಮುತ್ತಜ್ಜಂದಿರದ್ದು, ಕಾಗದ ಹ್ಯಾಲರನ್‌ದು. ಪಿಲ್ಬರಾ ಸೀಮೆಯಲ್ಲಿ ಆಗ ಎಲ್ಲ ಕಡೆಯೂ ಹಾಗೇ. ಅದನ್ನು ಬಾಯಿಬಿಟ್ಟು ಹೇಳುವ ರೂಢಿ ಇರಲಿಲ್ಲ.

ಎಸ್ಟೇಟಿನ ಉತ್ತರಕ್ಕೆ ಹಳ್ಳ ತಿರುಗುವ ಜಾಗದಲ್ಲಿ ಒಂದು ಮಡು. ಬಿರುಬೇಸಿಗೆಯಲ್ಲೂ ಬತ್ತದ ನೀರು. ಡಗಲ್‌ನ ಹೆಂಡತಿ ಮರ್ಟಲ್ ಚೊಚ್ಚಲ ಹೆರಿಗೆಗೆ ಹೋಗಿ ಕೂತದ್ದು ಅದರ ದಂಡೆಯ ಮರಗಳ ನೆರಳಿನಲ್ಲಿ, ತನ್ನ ಅಮ್ಮ ಅಜ್ಜಿಯರ ಹಾಗೆಯೇ. ಹುಟ್ಟಿದ್ದು ಗಂಡು. ನೀರಿನ ಹೆಸರನ್ನೇ ಮಗುವಿಗೆ ಇಟ್ಟರು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಆ ಮನೆಯವರ ಬಾಯಿಗೆ ಬಿಟ್ಟದ್ದು.

ಹುಡುಗ ಆರು ವರ್ಷ ಇದ್ದ. ಅರವತ್ತಮೂರನೆಯ ಇಸವಿಯ ಏಪ್ರಿಲ್‌ನಲ್ಲಿ ಜ್ವರ ಬಂತು. ಚಂಡಮಾರುತದ ಮಳೆಗೆ ಬಯಲೆಲ್ಲ ಕೆಸರು, ವೈದ್ಯರ ವಿಮಾನಕ್ಕೆ ಇಳಿಯಲು ನೆಲ ಸಿಗಲಿಲ್ಲ. ಮೂರನೆಯ ದಿನ ಹೋಗಿಬಿಟ್ಟ. ಬಿಡಾರ ಕಿತ್ತು ಬೇರೆ ಕಡೆ ಹಾಕಿದರು, ಮರ್ಟಲ್ ಕೂದಲು ಕತ್ತರಿಸಿಕೊಂಡಳು, ಹುಡುಗನ ಹೆಸರು ಎಲ್ಲರ ನಾಲಿಗೆಯಿಂದಲೂ ಇಳಿದುಹೋಯಿತು. ಸತ್ತವರ ಹೆಸರನ್ನು ಅವರಲ್ಲಿ ಆಡುವುದಿಲ್ಲ. ಎರಡು ಮೂರು ಮಳೆಗಾಲ ಕಳೆದು ಹಿರಿಯರು ಸಾಕು ಎನ್ನುವವರೆಗೆ ಅದೇ ಹೆಸರಿನ ಬೇರೆ ಮನುಷ್ಯನನ್ನೂ, ಬೇರೆ ಜಾಗವನ್ನೂ ಕರೆಯುವ ಹಾಗಿಲ್ಲ. ಹೀಗಾಗಿ ಮಡುವಿನ ಹೆಸರೂ ಮಗನ ಜೊತೆಯಲ್ಲೇ ಹೋಯಿತು.

ಸರ್ವೆಯ ಪೆಂಗೆಲಿ ಬಂದದ್ದು ಅದೇ ಜುಲೈನಲ್ಲಿ.

ಪೆಂಗೆಲಿ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದೆ ಅವನಿಗೆ ಬೀಳುವ ಬೈಗುಳ ಕಡಿಮೆಯಲ್ಲ. ಸರ್ಕಾರದ ಕೆಲಸದವನಾದರೂ ಬಿಡಾರದವರ ಜೊತೆ ನೆಲದ ಮೇಲೆ ಕೂತು, ಬೂದಿಯಲ್ಲಿ ಸುಟ್ಟ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ. ಹತ್ತು ದಿನ ಡಗಲ್ ಅವನಿಗೆ ದಾರಿ ತೋರಿಸಿದ. ಕೊನೆಯ ದಿನ ಅವನು ಬಿಡಾರದ ಮುಂದೆ ಲಾರಿಯ ಮೂತಿಯ ಮೇಲೆ ನಕ್ಷೆ ಹರಡಿ ಡಗಲ್‌ನನ್ನು ಕರೆದ. ಮರ್ಟಲ್ ಚಹಾ ಬಗ್ಗಿಸುತ್ತಿದ್ದಳು.

“ನೋಡು ಡಗಲ್, ಸರಿಯಾಗಿ ಕೇಳಿಸ್ಕೋ,” ಎಂದ. “ಕಬ್ಬಿಣದ ಅದಿರು ತೆಗೆಯೋಕೆ ಒಂದು ಕಂಪನಿ ಬರ್ತಿದೆ. ಸರ್ಕಾರ ಅವರ ಜೊತೆ ಒಪ್ಪಂದ ಮಾಡ್ಕೊಳ್ತಿದೆ. ಬರೀ ಒಪ್ಪಂದ ಅಲ್ಲ, ಸಭೇಲಿ ಪಾಸ್ ಮಾಡಿ ಅದನ್ನೇ ಕಾನೂನು ಮಾಡ್ತಾರೆ. ಅದರ ಬೆನ್ನಿಗೆ ಈ ನಕ್ಷೆ. ಕೆಂಪು ಬಳಿದಿದ್ದೆಲ್ಲ ಕಂಪನಿಗೆ. ಹಳದಿ ಬಳಿದಿದ್ದು ಅವರು ಮುಟ್ಟೋ ಹಾಗಿಲ್ಲ. ಗಾಳಿಯಂತ್ರ, ಕುರಿ ಹೋಗೋ ದಾರಿ, ನಿಮ್ಮ ಜನ ಬಳಸೋ ನೀರು, ಎಲ್ಲಾ ಹೆಸರು ಹೇಳು. ಒಂದೊಂದಕ್ಕೂ ಹೆಸರು ಬರ್ದು ಹಳದಿ ಬಳೀತೀನಿ. ಆಮೇಲೆ ನೆನಪಾಯ್ತು ಅಂದ್ರೆ ನನ್ನ ಕೈಲಿರಲ್ಲ, ಗೊತ್ತಾಯ್ತಾ?”

“ಗೊತ್ತಾಯ್ತು ಬಾಸ್.”

ಡಗಲ್ ಹನ್ನೊಂದು ಜಾಗ ಹೇಳಿದ. ಕೆಳಗಿನ ಎರಡು ಮಡು, ಕಲ್ಲುಗುಡ್ಡದ ಹಿಂದಿನ ಊಟೆ, ಗಂಡಸರಷ್ಟೇ ಹೋಗುವ ಒಂದು ಕಣಿವೆ. ಪೆಂಗೆಲಿ ಬರೆದುಕೊಂಡ. ಆಮೇಲೆ ಅವನ ಬೆರಳು ಉತ್ತರಕ್ಕೆ ಹೋಗಿ ಹಳ್ಳದ ತಿರುವಿನ ಮೇಲೆ ನಿಂತಿತು.

“ಇಲ್ಲಿ ನೀಲಿ ಗೆರೆ ದಪ್ಪ ಆಗಿದೆಯಲ್ಲ? ಬೇಸಿಗೇಲೂ ನೀರಿರತ್ತಾ? ಏನು ಹೆಸರು ಇದಕ್ಕೆ?”

ಮರ್ಟಲ್‌ಳ ಕೈ ನಿಂತಿತು. ಕೆಟಲನ್ನು ನೆಲದ ಮೇಲಿಟ್ಟು ಅವಳು ಡೇರೆಯ ಹಿಂದಕ್ಕೆ ನಡೆದುಹೋದಳು. ಡಗಲ್ ಅವಳ ಬೆನ್ನನ್ನೇ ನೋಡಿದ. ಕತ್ತರಿಸಿದ ಕೂದಲು ಇನ್ನೂ ಬೆಳೆದಿರಲಿಲ್ಲ.

“ಡಗಲ್?”

“ಅಲ್ಲೇನಿಲ್ಲ, ಬಾಸ್.”

“ಏನೂ ಇಲ್ವಾ? ಒಂದ್ಸಲ ಹೋಗಿ ನೋಡ್ಕೊಂಡು ಬರೋಣ?”

“ದಾರಿ ಇಲ್ಲ ಬಾಸ್. ಮರಳಲ್ಲಿ ಲಾರಿ ಹೂತ್ಕೊಳ್ಳತ್ತೆ.”

ಪೆಂಗೆಲಿ ಅವನ ಮುಖವನ್ನು ಒಂದು ಗಳಿಗೆ ನೋಡಿದ. ನೋಡಿ, ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ನಕ್ಷೆ ಸುತ್ತಿದ.

ಹೆಸರು ಹೇಳದೆಯೂ ದಾರಿ ಇತ್ತು. ಕೈಹಿಡಿದು ಕರೆದುಕೊಂಡು ಹೋಗಿ ನೀರು ತೋರಿಸಬಹುದಿತ್ತು. ಇದು ಡಗಲ್‌ಗೆ ಹೊಳೆಯಲಿಲ್ಲ ಎಂದಲ್ಲ. ಆದರೆ ಅವನ ತಲೆಯಲ್ಲಿದ್ದದ್ದು ಬೇರೆ. ಎರಡು ಮಳೆಗಾಲ ಕಳೆಯಲಿ, ಹಿರಿಯರು ಹೆಸರನ್ನು ಬಿಡಿಸಲಿ, ಆಮೇಲೆ ಪೆಂಗೆಲಿ ಮತ್ತೆ ಬರುತ್ತಾನೆ, ಆಗ ಹೇಳಿದರಾಯಿತು. ಅವನ ಜನರಲ್ಲಿ ಯಾವ ಮಾತೂ ಒಂದೇ ದಿನಕ್ಕೆ ಮುಗಿಯುತ್ತಿರಲಿಲ್ಲ. ಹೆಣ್ಣು ಕೊಡುವ ಮಾತೋ, ಜಗಳದ ಮಾತೋ, ಕೂತರು, ಎದ್ದರು, ಮುಂದಿನ ವರ್ಷ ಮತ್ತೆ ಕೂತರು. ದುಃಖದಲ್ಲಿರುವವನಿಗಾಗಿ ಊರೇ ಕಾಯುತ್ತಿತ್ತು. ಕಾಗದವೂ ಕಾಯುತ್ತದೆ ಎಂದುಕೊಂಡ. ಅವನ ತಪ್ಪು ಇಷ್ಟೇ, ಮತ್ತು ಇದು ಸಣ್ಣದಲ್ಲ.

ಮರುವರ್ಷ ಪರ್ತ್‌ನಲ್ಲಿ ಸಭೆ ಸೇರಿತು. ಸರ್ಕಾರದವರೇನೂ ದಡ್ಡರಲ್ಲ. ರೈಲು ಹಾಕಬೇಕು, ಬಂದರು ಕಟ್ಟಬೇಕು, ಮರುಭೂಮಿಯಲ್ಲಿ ಊರು ಎಬ್ಬಿಸಬೇಕು, ಆಸ್ಪತ್ರೆ ಶಾಲೆ ಎಲ್ಲ ಕಂಪನಿಯ ಖರ್ಚಿನಲ್ಲೇ ಆಗಬೇಕು. ಅಷ್ಟು ಹಣ ಸುರಿಯುವವನು ಕೇಳುವುದು ಒಂದೇ: ನೀವು ಕೊಟ್ಟ ಮಾತನ್ನು ನಾಳೆ ಬರುವವರು ಮುರಿಯಬಾರದು. ಅದಕ್ಕೆ ಮಾತನ್ನೇ ಕಾನೂನು ಮಾಡಿದರು. ಬೇರೆ ಕಾನೂನುಗಳು ಅದರ ಮುಂದೆ ಕೈಕಟ್ಟಿ ನಿಲ್ಲಬೇಕು ಎಂದೂ ಬರೆದರು. ಅಂತೂ ನಕ್ಷೆಯಲ್ಲಿ ಹನ್ನೊಂದು ಹಳದಿ ಚುಕ್ಕೆ, ಹಳ್ಳದ ತಿರುವಿನ ಮೇಲೆ ಅಚ್ಚ ಕೆಂಪು.

ಅರವತ್ತಾರರಲ್ಲಿ ಹಿರಿಯರು ಹೆಸರನ್ನು ಬಿಡಿಸಿದರು. ಡಗಲ್ ಮಾರನೆಯ ದಿನವೇ ಹ್ಯಾಲರನ್‌ನ ಹೆಂಡತಿಯ ಹತ್ತಿರ ಹೋಗಿ ಪೆಂಗೆಲಿಗೆ ಕಾಗದ ಬರೆಸಿದ. ಉತ್ತರ ಬರಲು ಎರಡು ತಿಂಗಳಾಯಿತು. ಪೆಂಗೆಲಿ ಕೆಲಸದಿಂದ ನಿವೃತ್ತನಾಗಿದ್ದ. ನಕ್ಷೆ ಈಗ ತನ್ನದಲ್ಲ, ಸರ್ವೆ ಇಲಾಖೆಯದೂ ಅಲ್ಲ, ಕಾನೂನಿನದು ಎಂದು ಬರೆದಿದ್ದ. “ನಿನ್ನ ಮುಖ ನೋಡಿ ನನಗೆ ಆವತ್ತೇ ಅನುಮಾನ ಬಂದಿತ್ತು. ಇನ್ನೊಂದು ದಿನ ಉಳಿಯಬೇಕಿತ್ತು. ಉಳಿಯಲಿಲ್ಲ, ಕ್ಷಮಿಸು.” ಹ್ಯಾಲರನ್‌ನ ಹೆಂಡತಿ ಓದಿ ಹೇಳಿದ್ದನ್ನು ಕೇಳಿಸಿಕೊಂಡು, ಡಗಲ್ ಕಾಗದವನ್ನು ಮಡಚಿ ಅವರ ಅಡುಗೆಮನೆಯ ಒಲೆಗೇ ಹಾಕಿ ಬಂದ. ಮರ್ಟಲ್‌ಗೆ ಹೇಳಲಿಲ್ಲ.

ಅವಳಿಗೆ ಅವನು ಹೇಳಿದ್ದೇ ಬೇರೆ. ನಕ್ಷೆಯಲ್ಲಿ ನಮ್ಮ ನೀರು ಬಿಟ್ಟುಹೋಗಿದೆಯಂತೆ ಎಂದಷ್ಟೇ ಹೇಳಿದ್ದ. ಯಾರು ಬಿಟ್ಟರು ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಅವಳು ನೇರವಾಗಿ ಬೈಗುಳಕ್ಕೇ ಇಳಿದಳು.

“ಆ ಪೆಂಗೆಲಿ ಕಣ್ಣಲ್ಲೇನು ಮರಳಿತ್ತಾ? ಹತ್ತು ದಿನ ನನ್ನ ರೊಟ್ಟಿ ತಿಂದ, ಒಂದು ಮಡು ಕಾಣ್ಲಿಲ್ವಾ ಆ ಕುರುಡನಿಗೆ?”

ಡಗಲ್ ಸುಮ್ಮನಾದ. ಮೊದಲ ಸಲ ಸುಮ್ಮನಾದವನಿಗೆ ಎರಡನೆಯ ಸಲ ಬಾಯಿ ತೆರೆಯುವುದು ಇನ್ನೂ ಕಷ್ಟ. ನೂರನೆಯ ಸಲಕ್ಕೆ ಬಾಯಿ ಇದೆ ಎನ್ನುವುದೇ ಮರೆತುಹೋಗಿರುತ್ತದೆ.

ಎಸ್ಟೇಟಿನ ಕೆಲಸ ತಪ್ಪಿತು, ಎಲ್ಲರ ಹಾಗೆ ಅವರೂ ರೋಬೋರ್ನ್ ಊರಿಗೆ ಬಂದು ತಗಡಿನ ಮನೆಯಲ್ಲಿ ನೆಲೆಸಿದರು. ಮಗಳು ನೋಲಾ ಹುಟ್ಟಿದಳು. ಮಡುವಿನ ಸುತ್ತ ಕಂಪನಿಯ ಬೇಲಿ ಬಂತು. ವರ್ಷಕ್ಕೊಮ್ಮೆ ಅರ್ಜಿ ಹಾಕಿದರೆ ಒಂದು ಗಂಟೆ ಒಳಗೆ ಬಿಡುತ್ತಿದ್ದರು, ಆದರೆ ತಲೆಗೆ ಗಟ್ಟಿ ಟೋಪಿ, ಮೈಗೆ ಹೊಳೆಯುವ ಅಂಗಿ ಹಾಕಿಕೊಂಡೇ ಹೋಗಬೇಕು. ಮರ್ಟಲ್ ತಾನು ಹೆತ್ತ ಜಾಗದಲ್ಲಿ ಟೋಪಿ ಹಾಕಿಕೊಂಡು ಕೂತು ನೀರಿನಲ್ಲಿ ಕೈ ಆಡಿಸುತ್ತಿದ್ದಳು. ಪಕ್ಕದಲ್ಲಿ ಕಾವಲಿನವನು ಗಡಿಯಾರ ನೋಡುತ್ತಿದ್ದ.

“ನೆತ್ತಿ ಮೇಲೆ ಏನು ಬೀಳತ್ತೆ ಅಂತಪ್ಪಾ ಇದು? ಕೊಕ್ಕರೆ ಹಿಕ್ಕೆನಾ?” ಎಂದು ಅವಳು ಕೇಳಿದರೆ ಕಾವಲಿನವನೂ ನಗುತ್ತಿದ್ದ. ವಾಪಸು ಬರುವಾಗ ಮಾತ್ರ ದಾರಿಯುದ್ದಕ್ಕೂ ಪೆಂಗೆಲಿಗೆ ಮಂಗಳಾರತಿ. ಡಗಲ್ ಕಿಟಕಿಯಾಚೆ ನೋಡುತ್ತಿದ್ದ.

ಅವನು ಕೈಕಟ್ಟಿ ಕೂತವನೂ ಅಲ್ಲ. ಕಂಪನಿಯ ಗೇಟಿಗೆ ಹೋದ. ಇಲಾಖೆಗೆ ಹೋದ. ಎಪ್ಪತ್ತೊಂಬತ್ತರಲ್ಲಿ ತಂಗಿಯ ಮಗನ ಟೈ ಕಟ್ಟಿಕೊಂಡು, ಎರಡು ದಿನ ಬಸ್ಸಿನಲ್ಲಿ ಕೂತು ಪರ್ತ್‌ಗೇ ಹೋದ. ಅವರ ಕಡೆಯ ಶಾಸಕ ಕುರ್ಚಿ ಕೊಟ್ಟು ಕೂರಿಸಿದ.

“ನಿಜ ಹೇಳ್ಲಾ ಡಗಲ್? ಈ ಒಪ್ಪಂದ ನಮ್ಮ ಹತ್ರ ಬರೋದೇ ಎರಡೂ ಕಡೆ ಸಹಿ ಬಿದ್ದ ಮೇಲೆ. ಇಡೀ ಸಭೆ ಸೇರಿದ್ರೂ ಅದರಲ್ಲಿ ಒಂದು ಅಕ್ಷರ ಅಲ್ಲಾಡಿಸೋ ಹಾಗಿಲ್ಲ. ಹೂಂ ಅನ್ನು, ಇಲ್ಲ ಊಹೂಂ ಅನ್ನು, ಅಷ್ಟೇ ನಮ್ಮ ಕೆಲಸ.”

“ಮತ್ತೆ ಅಷ್ಟೊಂದು ಜನ ಯಾತಕ್ಕೆ ನೀವು?”

“ನನ್ನ ಹೆಂಡ್ತೀನೂ ಇದನ್ನೇ ಕೇಳ್ತಾಳೆ,” ಶಾಸಕ ನಕ್ಕ. “ತಿದ್ದಬಹುದು. ಸರ್ಕಾರ, ಕಂಪನಿ ಇಬ್ರೂ ಒಪ್ಪಿ ಸಹಿ ಹಾಕಿದ್ರೆ ತಿದ್ದಬಹುದು. ಕಂಪನಿಗೆ ಬೇಕಾದಾಗ ತಿದ್ದೂ ಇದಾರೆ, ಮೂರ್ ಸಲ.”

“ನಮಗೆ ಬೇಕಾದಾಗ?”

“ನಿಮ್ಮ ಸಹಿ ಅದರಲ್ಲಿ ಇಲ್ವಲ್ಲಪ್ಪ.”

ಡಗಲ್ ಟೈ ಬಿಚ್ಚಿ ಜೇಬಿಗೆ ಹಾಕಿಕೊಂಡು ಮತ್ತೆ ಎರಡು ದಿನ ಬಸ್ಸಿನಲ್ಲಿ ಕೂತ.

ತೊಂಬತ್ತಾರರಲ್ಲಿ ನೋಲಾ ಸುದ್ದಿ ತಂದಳು. ಅವಳಿಗೆ ಆಗ ಊರಿನ ಜಮೀನು ಹಕ್ಕಿನ ಕಚೇರಿಯಲ್ಲಿ ಕೆಲಸ. ಕಂಪನಿಗೆ ಗಣಿಯ ಬಾಯಿ ಅಗಲ ಮಾಡಬೇಕಿತ್ತು, ಅಗೆದ ಮಣ್ಣನ್ನು ಹಳ್ಳದ ತಿರುವಿನಲ್ಲಿ ಸುರಿಯಬೇಕಿತ್ತು. ಅದಕ್ಕೆ ಒಪ್ಪಂದವನ್ನು ಮತ್ತೊಮ್ಮೆ ತಿದ್ದಬೇಕು. ತಿದ್ದುವ ಮೊದಲು ಊರಿನವರನ್ನು ಕರೆದು ಕೇಳುತ್ತಾರಂತೆ.

“ಅಪ್ಪಾ, ಇದೇ ಸಮಯ,” ಎಂದಳು. “ಮೊದಲನೇ ನಕ್ಷೆ ಮಾಡುವಾಗ ಸರ್ವೆಯವರು ತಪ್ಪು ಮಾಡಿದಾರೆ ಅಂತ ತೋರಿಸಿದ್ರೆ ಅದು ಸರ್ಕಾರದ ತಪ್ಪು. ಸರ್ಕಾರದ ತಪ್ಪು ತಿದ್ದೋಕೆ ಕಂಪನಿ ತಕರಾರು ಮಾಡಲ್ಲ ಅಂತ ಆಗ್ಲೇ ಬರ್ಕೊಟ್ಟಿದೆ. ಒಂದು ಹಳದಿ ಚುಕ್ಕೆ ಬಿತ್ತು ಅಂದ್ರೆ ನೀರು ಉಳೀತು.”

“ಸರ್ವೆಯವರ ತಪ್ಪು ಅಲ್ದೆ ಇದ್ರೆ?” ಡಗಲ್ ಕೇಳಿದ.

“ಇನ್ಯಾರದು? ನೀನೊಬ್ಬ, ಸುಮ್ನಿರು.”

ಮರ್ಟಲ್ ಒಲೆಯ ಮುಂದೆ ಹಿಟ್ಟು ನಾದುತ್ತಿದ್ದವಳು ತಲೆ ಎತ್ತಲಿಲ್ಲ.

ಊರ ಸಭಾಂಗಣದಲ್ಲಿ ಜನ ತುಂಬಿದ್ದರು. ಮುಂದೆ ಮೇಜಿನ ಹಿಂದೆ ಸರ್ಕಾರದ ಅಧಿಕಾರಿ, ಪಕ್ಕದಲ್ಲಿ ಕಂಪನಿಯ ಕಡೆಯಿಂದ ಸ್ಟ್ರಿಕ್‌ಲ್ಯಾಂಡ್ ಎಂಬ ತೆಳ್ಳಗಿನ ಯುವಕ. ಅಧಿಕಾರಿ ನಕ್ಷೆ ತೂಗುಹಾಕಿ, ಈ ಮಡುವನ್ನು ಬಳಸುತ್ತಿದ್ದವರು ಯಾರು, ಆವತ್ತು ಇದು ಬಿಟ್ಟುಹೋದದ್ದು ಹೇಗೆ ಎಂದು ಕೇಳಿದ. ಡಗಲ್ ಏಳುವ ಮೊದಲೇ ಮರ್ಟಲ್ ಎದ್ದಳು.

“ನಾನು ಅಲ್ಲೇ ಇದ್ದೆ ಕಣಪ್ಪ. ಚಹಾ ಬಗ್ಗಿಸ್ಕೊಟ್ಟವಳೇ ನಾನು. ಆ ಪೆಂಗೆಲಿ ಕೇಳ್ಲೇ ಇಲ್ಲ. ಬಂದ, ತಿಂದ, ಹೋದ. ಕೇಳಿದ್ರೆ ಹೇಳ್ತಿರ್ಲಿಲ್ವಾ ನಾವು? ಉಳಿದ ಹನ್ನೊಂದು ಹೇಳಿದವರಿಗೆ ಇದೊಂದು ಹೇಳೋಕೆ ಏನು ರೋಗ?”

ಅಧಿಕಾರಿ ಬರೆದುಕೊಳ್ಳತೊಡಗಿದ. ಬರೆಯುತ್ತ ಬಾಯಲ್ಲೂ ಹೇಳಿಕೊಂಡ: “ಸರ್ವೆ ಅಧಿಕಾರಿ ಪೆಂಗೆಲಿ... ಕರ್ತವ್ಯದಲ್ಲಿ ಲೋಪ... ಸ್ಥಳೀಯರನ್ನ ವಿಚಾರಿಸಿಲ್ಲ...” ಸ್ಟ್ರಿಕ್‌ಲ್ಯಾಂಡ್ ತಲೆಯಾಡಿಸಿದ. ನೋಲಾ ಅಪ್ಪನ ತೋಳನ್ನು ಒತ್ತಿ ಹಿಡಿದಳು.

ಡಗಲ್‌ಗೆ ಆ ಲೇಖನಿಯ ಸದ್ದು ತಡೆಯಲಾಗಲಿಲ್ಲ. ಈ ನಡುವೆ ಸತ್ತುಹೋಗಿದ್ದ ಮನುಷ್ಯ, ಕ್ಷಮಿಸು ಎಂದು ಬರೆದಿದ್ದ ಮನುಷ್ಯ, ಅವನ ಹೆಸರಿಗೆ ಈಗ ಸರ್ಕಾರಿ ಕಾಗದದಲ್ಲಿ ಮಸಿ. ಏನೂ ತಿಳಿಯದ ಮರ್ಟಲ್‌ಳ ಬಾಯಲ್ಲಿ ತನ್ನಿಂದಾಗಿ ಸುಳ್ಳು ಬಂತಲ್ಲ ಎಂದೂ ಅನಿಸಿತು. ಮೂವತ್ತಮೂರು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಆ ಒಂದು ಗಳಿಗೆಯಲ್ಲಿ ಮೇಲೆ ಬಂತು. ಮಗ ಹೋದ ದುಃಖ ಯಾರಿಗೆ ಅರ್ಥವಾಗುವುದಿಲ್ಲ, ಹೇಳಿದರೆ ಇವರಿಗೂ ಅರ್ಥವಾಗುತ್ತದೆ ಎಂದುಕೊಂಡು ಎದ್ದ.

“ಹಾಗಲ್ಲ ಸ್ವಾಮಿ. ಅವರು ಕೇಳಿದ್ರು.”

“ಡಗಲ್!” ಎಂದಳು ಮರ್ಟಲ್.

“ಇರು ಕಣೆ, ಹೇಳ್ಬಿಡ್ತೀನಿ. ಬೆರಳಿಟ್ಟು ಕೇಳಿದ್ರು. ನೋಡ್ಕೊಂಡು ಬರೋಣ ಅಂತಾನೂ ಅಂದ್ರು. ನಾನೇ ಅಲ್ಲೇನಿಲ್ಲ ಅಂದೆ. ನಮ್ಮ ಹುಡುಗ ಹೋಗಿ ಮೂರು ತಿಂಗಳಾಗಿತ್ತು. ಅವನ ಹೆಸರೂ ಆ ನೀರಿನ ಹೆಸರೂ ಒಂದೇ. ಇವಳ ಮುಂದೆ ಆ ಹೆಸರು ಹೇಳೋಕೆ ನನಗೆ ಆಗ್ಲಿಲ್ಲ.”

ಹಿಂದಿನ ಸಾಲಿನ ಮುದುಕಿಯರು ಕಣ್ಣೊರೆಸಿಕೊಂಡರು. ಅಧಿಕಾರಿ ಲೇಖನಿ ಕೆಳಗಿಟ್ಟ. ಸ್ಟ್ರಿಕ್‌ಲ್ಯಾಂಡ್ ಎದ್ದು ನಿಂತು, ಮಗನ ವಿಷಯ ಕೇಳಿ ತುಂಬ ಬೇಸರವಾಯಿತು ಎಂದ. ಅದು ನಾಟಕವಾಗಿರಲಿಲ್ಲ. ಆಮೇಲೆ ಕೂತು, ಅಧಿಕಾರಿಯ ಕಡೆ ತಿರುಗಿ ಮೆಲ್ಲಗೆ ಹೇಳಿದ:

“ಹಾಗಿದ್ರೆ ಸರ್ವೆಯವರು ಕೇಳಿದಾರೆ, ಉತ್ತರಾನೂ ಸಿಕ್ಕಿದೆ. ಇದರಲ್ಲಿ ಸರ್ಕಾರದ ತಪ್ಪು ಅಂತ ಏನೂ ಇಲ್ಲ, ಅಲ್ವಾ?”

ಅಧಿಕಾರಿ ಬರೆದದ್ದನ್ನು ಹೊಡೆದುಹಾಕಿದ.

ಅವತ್ತಿನಿಂದ ಮರ್ಟಲ್ ಗಂಡನ ಜೊತೆ ಮಾತು ಬಿಟ್ಟಳು. ತಟ್ಟೆ ಮುಂದಿಡುತ್ತಿದ್ದಳು, ಅಂಗಿ ಒಗೆದು ಹಾಕುತ್ತಿದ್ದಳು, ಮಾತಿಲ್ಲ. ತಾನು ಇಷ್ಟು ವರ್ಷ ಮುಚ್ಚಿಟ್ಟದ್ದಕ್ಕೆ ಕೋಪ ಎಂದು ಡಗಲ್ ಅಂದುಕೊಂಡ, ಇಳಿಯುತ್ತದೆ ಎಂದು ಕಾದ. ಏಳನೆಯ ವಾರ ನೋಲಾ ಕಚೇರಿಯಿಂದ ಒಂದು ಪತ್ರ ತಂದಳು. ಜಗಲಿಯಲ್ಲಿ ನಿಂತೇ ಓದಿದಳು. ತಿದ್ದುಪಡಿಗೆ ಎರಡೂ ಕಡೆ ಸಹಿ ಆಗಿದೆ, ಸಭೆ ಅಂಗೀಕರಿಸಿದೆ. ಹಳದಿ ಗುರುತುಗಳು ಹಿಂದಿನಂತೆ ಹನ್ನೊಂದೇ. ಮುಂದಿನ ತಿಂಗಳಿಂದ ಹಳ್ಳದ ತಿರುವಿನಲ್ಲಿ ಮಣ್ಣು ಸುರಿಯುತ್ತಾರೆ.

ಓದಿ ಮುಗಿಸಿ ನೋಲಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಡಗಲ್ ಮೆಟ್ಟಿಲ ಮೇಲೆ ಕೂತಿದ್ದ. ಮರ್ಟಲ್ ಬಂದು ಪಕ್ಕದಲ್ಲಿ ಕೂತಳು. ಅಷ್ಟು ದಿನದ ಮೇಲೆ ಬಾಯಿ ತೆರೆದಳು.

“ನನಗೆ ಗೊತ್ತಿತ್ತು.”

“ಏನು?”

“ಡೇರೆ ಹಿಂದೆ ಹೋದವಳು ಕಿವಿ ಬಿಟ್ಟು ಹೋಗಿದ್ನಾ? ಎಲ್ಲಾ ಕೇಳಿಸ್ತು. ಕುರುಡ, ಕುರುಡ ಅಂತ ಆ ಮನುಷ್ಯನ್ನ ಅಷ್ಟು ವರ್ಷ ಯಾಕೆ ಬೈದೆ ಅಂದ್ಕೊಂಡೆ? ಒಂದ್ಸಲನಾದ್ರೂ ನೀನು ಬಾಯಿಬಿಟ್ಟು, ಇಲ್ಲ ಕಣೆ, ನಾನೇ ಅಂತೀಯೇನೋ ಅಂತ. ಅಂದಿದ್ರೆ ಇಬ್ರೂ ಕೂತು ಅತ್ತುಬಿಡ್ತಿದ್ವಿ.”

“ನಿನಗೆ ನೋವಾಗತ್ತೆ ಅಂತ...”

“ನನಗಾ?” ಅವಳು ಅವನ ಕಡೆ ತಿರುಗಿದಳು. “ನಾನು ಹೆತ್ತವಳು. ಆ ಹೆಸರು ನನ್ನ ಹೊಟ್ಟೇಲಿ ದಿನಾ ಓಡಾಡ್ತಿತ್ತು. ನೀನು ಹೇಳಿದ್ರೆ ತಡ್ಕೊಳ್ತಿದ್ದೆ. ತಡ್ಕೊಳ್ಳೋಕೆ ಆಗ್ದೆ ಇದ್ದಿದ್ದು ನಿನಗೆ.”

ಅದು ನಿಜವೆಂದು ಅವನಿಗೆ ಆಗಲೇ ಮೊದಲ ಸಲ ತಿಳಿಯಿತು. ಹೆಂಡತಿಗಾಗಿ ಸುಮ್ಮನಾದೆ ಎಂದು ಹೇಳಿಕೊಂಡು ಅವನು ಇಡೀ ಬದುಕನ್ನು ದೂಡಿದ್ದ. ಅವನ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

ಮರ್ಟಲ್ ಸೆರಗಿಲ್ಲದ ತನ್ನ ಹಳೆಯ ಹೂವಿನ ಗೌನಿನ ತುದಿಯಿಂದ ಅವನ ಮುಖ ಒರೆಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು.

“ಆ ಸಭೇಲಿ ಸುಳ್ಳು ಹೇಳ್ತಿದ್ದಿದ್ದು ನಾನು. ಪಾಪ ಬಂದ್ರೆ ನನ್ನ ತಲೆಗೆ ಬರ್ತಿತ್ತು, ನೀರು ಉಳೀತಿತ್ತು. ನೀನೇನೂ ಮಾಡ್ಬೇಕಾಗಿರ್ಲಿಲ್ಲ. ಆವತ್ತೊಂದು ದಿನ ಸುಮ್ನೆ ಕೂತಿದ್ರೆ ಸಾಕಿತ್ತು. ಸುಮ್ನಿರೋದು ನಿನಗೆ ಬರ್ತಿತ್ತಲ್ಲೋ, ಮುದುಕಾ.”